ಬಸವನಗುಡಿ
ಬಸವನಗುಡಿ ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಯೋಜಿತ ಬಡಾವಣೆ. ಇಲ್ಲಿನ ದೊಡ್ಡ ಬಸವಣ್ಣನ ಗುಡಿಯಿಂದ ಈ ಹೆಸರು ಬಂದಿದೆ. 19ನೆಯ ಶತಮಾನದ ಕೊನೆಯಲ್ಲಿ ಮಲ್ಲೇಶ್ವರದೊಂದಿಗೆ ರೂಪುಗೊಂಡ ಈ ಬಡಾವಣೆ, 1898ರ ಪ್ಲೇಗಿಗೆ ಹೆದರಿ ಇಕ್ಕಟ್ಟಿನ ಪೇಟೆಯನ್ನು ತೊರೆದ ಕುಟುಂಬಗಳಿಗೆ ಅಗಲವಾದ ಬೀದಿಗಳ ನಡುವೆ ನೆಲೆ ಒದಗಿಸಿತು.

ಗುಡಿಯ ನಿರ್ಮಾಣವು ಬೆಂಗಳೂರಿನ ನಿರ್ಮಾತೃ ಕೆಂಪೇಗೌಡನದೆಂದು ಪ್ರತೀತಿ. ಏಕಶಿಲೆಯ ಬಸವನ ಎತ್ತರ ಸುಮಾರು 4.5 ಮೀಟರು. ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ (ಪರಿಷೆ ಎಂದರೆ ಜಾತ್ರೆ) ರೈತರು ಹೊಸ ಫಸಲನ್ನು ಮೊದಲು ಬಸವಣ್ಣನಿಗೆ ಅರ್ಪಿಸುವ ಸಂಪ್ರದಾಯವಿದ್ದು, ಹಸಿ, ಹುರಿದ, ಬೇಯಿಸಿದ ಕಡಲೆಕಾಯಿಯ ರಾಶಿಗಳನ್ನು ರಸ್ತೆಯ ಎರಡೂ ಬದಿಗಳಲ್ಲಿ ಸುರಿದು ಸೇರಿನಲ್ಲಿ ಅಳೆದು ಮಾರುತ್ತಾರೆ. ನಗರವು ಸುತ್ತಲಿನ ಹೊಲಗಳನ್ನು ನುಂಗಿದ ಮೇಲೂ ಉಳಿದುಬಂದಿರುವ ಈ ಕೃಷಿ ಆಚರಣೆಯೇ ಬಡಾವಣೆಯ ಅತ್ಯಂತ ಅಮೂಲ್ಯ ಪರಂಪರೆ.

ನ್ಯಾಷನಲ್ ಕಾಲೇಜು (1945) ಹಾಗೂ ಗಾಂಧಿಬಜಾರಿನ ವಿದ್ಯಾರ್ಥಿ ಭವನ ಹೋಟೆಲು (1943) ಇಲ್ಲಿನ ಪ್ರಸಿದ್ಧ ತಾಣಗಳು. ಸಾಹಿತಿ ಡಿ.ವಿ. ಗುಂಡಪ್ಪನವರು (ಡಿ.ವಿ.ಜಿ.) ಇಲ್ಲಿ ನೆಲೆಸಿದ್ದು, ಸಮೀಪದ ನರಸಿಂಹರಾಜ ಕಾಲೊನಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು. ಜ್ಞಾನಪೀಠ ಪುರಸ್ಕೃತ ಮಾಸ್ತಿ ವೆಂಕಟೇಶ ಅಯ್ಯಂಗಾರರು ಪಕ್ಕದ ಗವಿಪುರದಲ್ಲಿ ವಾಸವಾಗಿದ್ದರು, ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿಯೇ ಸರಳವಾಗಿ ಬಾಳಿದರು. ಡಿ.ವಿ.ಜಿ. ಅವರ ಹೆಸರನ್ನು ಗಾಂಧಿಬಜಾರಿನ ಸಮೀಪದ ರಸ್ತೆಯೊಂದಕ್ಕೆ ಇಡಲಾಗಿದೆ.