ಒಂದೇ ಹಡಗು, ನಾಲ್ಕು ಗುರುತು: ‘ಅಕಿಲೀಸ್’ ನಮ್ಮ ‘ದೆಹಲಿ’ ಆದ ಕತೆ

ಸ್ವತಂತ್ರ ಭಾರತದ ಮೊದಲ ಕ್ರೂಸರ್ ಯುದ್ಧನೌಕೆ ಬ್ರಿಟನ್ನಿನಿಂದ ಕೊಂಡ ಸೆಕೆಂಡ್ ಹ್ಯಾಂಡ್ ಹಡಗು. 1948ರಲ್ಲಿ ಅದಕ್ಕೆ ‘ದೆಹಲಿ’ ಅಂತ ಹೆಸರಿಟ್ಟರು. ಆದರೆ ಆ ಹೆಸರಿಗೆ ಎಚ್‌ಎಂಐಎಸ್, ಅಂದ್ರೆ ‘ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್’ ಅಂತಲೂ ಸೇರಿಸಿದರು. ಸ್ವಾತಂತ್ರ್ಯ ಬಂದು ವರ್ಷ ಕಳೆಯುತ್ತಿದ್ದರೂ ಹಡಗು ಲೆಕ್ಕದಲ್ಲಿ ಇನ್ನೂ ದೊರೆಯದ್ದೇ.

ಬ್ರಿಟನ್ನಿನಿಂದ ನ್ಯೂಜಿಲೆಂಡಿಗೆ

ಲಿಯಾಂಡರ್ ವರ್ಗದ ‘ಎಚ್‌ಎಂಎಸ್ ಅಕಿಲೀಸ್’ 1932ರಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ನೀರಿಗಿಳಿಯಿತು. ಸುಮಾರು 7,000 ಟನ್ ಭಾರ, ಆರು ಇಂಚಿನ ಎಂಟು ಫಿರಂಗಿ. 1936ರಿಂದ ಅದು ಬ್ರಿಟಿಷ್ ನೌಕಾಪಡೆಯ ನ್ಯೂಜಿಲೆಂಡ್ ವಿಭಾಗದಲ್ಲಿತ್ತು.

1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ಸಮೀಪ ಅಜಾಕ್ಸ್, ಎಕ್ಸೆಟರ್ ಹಡಗುಗಳ ಜೊತೆ ಸೇರಿ ಜರ್ಮನಿಯ ‘ಗ್ರಾಫ್ ಸ್ಪೀ’ಯನ್ನು ಎದುರಿಸಿತು. ಗ್ರಾಫ್ ಸ್ಪೀಯ ಫಿರಂಗಿಗಳು 11 ಇಂಚಿನವು. ಅಕಿಲೀಸ್‌ನಲ್ಲಿ ನಾಲ್ವರು ಸತ್ತರು. ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಜಿಲೆಂಡಿನವರೇ ಇದ್ದರು. ಮಾಂಟೆವಿಡಿಯೊ ಬಂದರಿಗೆ ಹೋಗಿ ಸೇರಿಕೊಂಡ ಗ್ರಾಫ್ ಸ್ಪೀಯನ್ನು ನಾಲ್ಕು ದಿನಗಳ ಬಳಿಕ ಜರ್ಮನ್ನರೇ ಮುಳುಗಿಸಿದರು. 1941ರಲ್ಲಿ ನ್ಯೂಜಿಲೆಂಡಿಗೆ ತನ್ನದೇ ನೌಕಾಪಡೆ ಬಂತು, ಹಡಗು ‘ಎಚ್‌ಎಂಎನ್‌ಝಡ್‌ಎಸ್ ಅಕಿಲೀಸ್’ ಆಯ್ತು. ಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ಮರಳಿತು.

ಭಾರತದ ಕೈಗೆ ಬಂದ ಮೇಲೆ

1948ರ ಜುಲೈನಲ್ಲಿ ಹಡಗು ಭಾರತದ್ದಾದಾಗಲೂ ಅದರ ಕ್ಯಾಪ್ಟನ್ ಬ್ರಿಟಿಷನೇ. ಅವನ ಕೆಳಗೆ ಎಕ್ಸಿಕ್ಯೂಟಿವ್ ಆಫೀಸರ್ ಆಗಿದ್ದವರು ರಾಮ್ ದಾಸ್ ಕಟಾರಿ. 1950ರ ಜನವರಿ 26ಕ್ಕೆ ದೊರೆಯ ಹೆಸರು ಹೋಗಿ ‘ಐಎನ್‌ಎಸ್ ದೆಹಲಿ’ ಉಳಿಯಿತು. ಆದರೆ ನೌಕಾಪಡೆಯ ಮುಖ್ಯಸ್ಥರ ಕುರ್ಚಿಯಲ್ಲಿ ಬ್ರಿಟಿಷರೇ ಮುಂದುವರಿದರು. ಆ ಕುರ್ಚಿ ಮೊದಲ ಬಾರಿಗೆ ಭಾರತೀಯನಿಗೆ ಸಿಕ್ಕಿದ್ದು 1958ರ ಏಪ್ರಿಲ್‌ನಲ್ಲಿ. ಸಿಕ್ಕಿದ್ದು ಇದೇ ಕಟಾರಿಯವರಿಗೆ. ಈ ನಡುವೆ, 1956ರಲ್ಲಿ ಬಂದ ‘ದಿ ಬ್ಯಾಟಲ್ ಆಫ್ ದಿ ರಿವರ್ ಪ್ಲೇಟ್’ ಸಿನಿಮಾದಲ್ಲಿ ಐಎನ್‌ಎಸ್ ದೆಹಲಿ ತನ್ನ ಹಳೇ ಪಾತ್ರವನ್ನೇ, ಅಂದ್ರೆ ಅಕಿಲೀಸ್ ಆಗಿ, ಮಾಡಿತ್ತು!

1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆ ಕಾರ್ಯಾಚರಣೆ ನಡೆದಾಗ ದೆಹಲಿಯ ಫಿರಂಗಿಗಳು ದಿಯುವಿನ ಪೋರ್ಚುಗೀಸ್ ನೆಲೆಗಳ ಮೇಲೆ ಗುಂಡು ಹಾರಿಸಿದವು. ಅತ್ತ ಕಾರವಾರದ ಎದುರಿನ ಅಂಜುದೀವ್ ದ್ವೀಪದ ಕಾರ್ಯಾಚರಣೆಯಲ್ಲಿದ್ದ ‘ಐಎನ್‌ಎಸ್ ಮೈಸೂರು’ ಕೂಡ ಬ್ರಿಟನ್ನಿನಿಂದ ಕೊಂಡದ್ದೇ. ಹಳೇ ಹೆಸರು ‘ನೈಜೀರಿಯಾ’. ವಸಾಹತುಶಾಹಿಯ ಹಡಗುಗಳೇ ಇನ್ನೊಂದು ವಸಾಹತನ್ನು ಬಿಡಿಸಲು ನಿಂತಿದ್ದವು. ಈ ಬಾರಿ ಆದೇಶ ಮಾತ್ರ ಭಾರತೀಯರದ್ದು.

ಉಳಿದದ್ದೇನು?

1978ರ ಜೂನ್‌ನಲ್ಲಿ ‘ದೆಹಲಿ’ ನಿವೃತ್ತಿಯಾಗಿ ಗುಜರಿಗೆ ಹೋಯಿತು. ಅದರ ಒಂದು ಫಿರಂಗಿ ಗೋಪುರವನ್ನು ಭಾರತ ನ್ಯೂಜಿಲೆಂಡಿಗೆ ಕೊಟ್ಟಿತು.

ಬಾವುಟ 1947ರಲ್ಲಿ, ಹೆಸರು 1950ರಲ್ಲಿ, ಮುಖ್ಯಸ್ಥರ ಕುರ್ಚಿ 1958ರಲ್ಲಿ ನಮ್ಮದಾಯ್ತು. ಇಲ್ಲೇ ಕಟ್ಟಿದ ಮೊದಲ ಫ್ರಿಗೇಟ್ ‘ನೀಲಗಿರಿ’ ಸೇವೆಗಿಳಿದಿದ್ದು 1972ರಲ್ಲಿ, ಅದರ ವಿನ್ಯಾಸವೂ ಬ್ರಿಟನ್ನಿನದೇ. ಯುದ್ಧನೌಕೆಯೊಂದು ‘ಸ್ವದೇಶಿ’ ಅಂತ ಯಾರಾದ್ರೂ ಹೇಳಿದಾಗ ಈ ಲೆಕ್ಕ ನೆನಪಿರಲಿ: ಹೆಸರು ಯಾರದ್ದು ಅಂತ ಕೇಳಿದ ಮೇಲೆ ವಿನ್ಯಾಸ ಯಾರದ್ದು, ಎಂಜಿನ್ ಎಲ್ಲಿಂದ ಬಂತು, ಫಿರಂಗಿ ಯಾರು ಮಾಡಿದ್ದು ಅಂತಲೂ ಕೇಳಬೇಕು.