‘ಸರ್, ಇದು ಎಕ್ಸಾಮ್‌ಗೆ ಬರುತ್ತಾ?’

ಇವತ್ತಿನ ಸಂಚಿಕೆಯನ್ನ ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಬಸ್ಸಲ್ಲಿದ್ರೂ, ಮೆಟ್ರೊದಲ್ಲಿದ್ರೂ, ಕೇಳ್ತಾ ಕೇಳ್ತಾನೇ ಉತ್ತರ ಯೋಚನೆ ಮಾಡಿ.

ಒಂದು ದೊಡ್ಡ ಲಾರಿ, ಒಂದು ಪುಟ್ಟ ಕಾರು ಮುಖಾಮುಖಿ ಡಿಕ್ಕಿ ಹೊಡೀತವೆ. ಆ ಕ್ಷಣದಲ್ಲಿ ಲಾರಿ ಕಾರಿನ ಮೇಲೆ ಹಾಕುವ ಬಲ ಹೆಚ್ಚೋ, ಕಾರು ಲಾರಿಯ ಮೇಲೆ ಹಾಕುವ ಬಲ ಹೆಚ್ಚೋ?

‘ಲಾರಿದು’ ಅಂದ್ರಾ? ನಾನೂ ಹಾಗೇ ಅಂದಿದ್ದೆ. ತಪ್ಪು. ಎರಡೂ ಬಲ ಸರಿಸಮ. ಕಾರು ಹಗುರ, ಹಾಗಾಗಿ ಅಷ್ಟೇ ಬಲಕ್ಕೆ ಅದರ ವೇಗ ಹೆಚ್ಚು ಬದಲಾಗುತ್ತೆ, ಅಷ್ಟೇ ವ್ಯತ್ಯಾಸ.

ಹಾಗಾದ್ರೆ ನನಗೆ ನ್ಯೂಟನ್ನನ ಮೂರನೇ ನಿಯಮ ಗೊತ್ತಿರಲಿಲ್ವಾ? ಬಾಯಿಪಾಠ ಇತ್ತು. ಪಿಯುಸಿಯಲ್ಲಿ ಅದನ್ನ ಬರೆದು ಪೂರ್ತಿ ಅಂಕ ತಗೊಂಡವನು ನಾನು. ಒಂದು ದಿನ ನಮ್ಮ ಲೆಕ್ಚರರ್ ಪಾಠ ನಿಲ್ಲಿಸಿ, ಬೋರ್ಡ್ ಮೇಲೆ ಒಂದು ಲಾರಿ, ಒಂದು ಕಾರು ಬರೆದರು. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: ‘ಸರ್, ಇದು ಎಕ್ಸಾಮ್‌ಗೆ ಬರುತ್ತಾ?’ ಅವರು ಒಂದು ಗಳಿಗೆ ಸುಮ್ಮನಿದ್ದು, ‘ಬರಲ್ಲ’ ಅಂದ್ರು. ಡಸ್ಟರ್ ತಗೊಂಡು ಅಳಿಸಿದ್ರು. ನಾವು ಮುಂದಿನ ಡಿರೈವೇಷನ್‌ಗೆ ಹೋದ್ವಿ.

ಆ ದನಿ ನಂದೇ. ಅವತ್ತು ಅಳಿಸಿಹೋದ ಚಿತ್ರವೇ ಈ ಸಂಚಿಕೆಗೆ ಕಾರಣ. ಭೌತಶಾಸ್ತ್ರವನ್ನ ಹೇಗೆ ಕಲಿಸಬೇಕು ಅಂತ ತಲೆಕೆಡಿಸಿಕೊಂಡವರು ಯಾರು? ಅವರು ಏನು ಮಾಡಿದ್ರು? ಆಮೇಲೆ ಏನಾಯ್ತು?

ಮೊದಲು ಬ್ರೆಜಿಲ್‌ಗೆ ಹೋಗೋಣ. 1950ರ ದಶಕದ ಆರಂಭ. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ರಿಯೊ ಡಿ ಜನೈರೊದಲ್ಲಿ ಪಾಠ ಮಾಡ್ತಿದ್ರು. ಬೆಳಕಿನ ಧ್ರುವೀಕರಣ, ಅಂದ್ರೆ ಪೋಲರೈಸೇಷನ್ ಬಗ್ಗೆ ಕೇಳಿದ್ರೆ ವಿದ್ಯಾರ್ಥಿಗಳು ಪಟಪಟ ಅಂತ ನಿಯಮ ಒಪ್ಪಿಸ್ತಿದ್ರು. ಆದ್ರೆ ಕಿಟಕಿಯಾಚೆ ಸಮುದ್ರದ ನೀರಿನಿಂದ ಪ್ರತಿಫಲಿಸಿ ಬರೋ ಬೆಳಕಿಗೂ ಅದೇ ನಿಯಮ ಅನ್ವಯಿಸುತ್ತೆ, ಕೈಯಲ್ಲಿರೋ ಪೋಲರಾಯ್ಡ್ ಹಾಳೆ ತಿರುಗಿಸಿದ್ರೆ ಅದು ಕಣ್ಣಿಗೇ ಕಾಣುತ್ತೆ ಅನ್ನೋದು ಅವರಿಗೆ ಹೊಳೀಲಿಲ್ಲ. ಪುಸ್ತಕದ ‘ನೀರು’ ಬೇರೆ, ಕಿಟಕಿಯಾಚೆಯ ನೀರು ಬೇರೆ! ಹೊರಡೋ ಮುಂಚೆ ಫೈನ್‌ಮನ್ ತುಂಬಿದ ಸಭೆಯಲ್ಲೇ ಹೇಳಿಬಿಟ್ರು: ಇಲ್ಲಿ ವಿಜ್ಞಾನ ಕಲಿಸ್ತಾನೇ ಇಲ್ಲ ಅಂತ.

ಹಾಗಂತ ಅಮೆರಿಕದ ಶಾಲೆಗಳ ಸ್ಥಿತಿ ಚೆನ್ನಾಗಿತ್ತು ಅನ್ಕೋಬೇಡಿ. 1956ರಲ್ಲಿ ಎಂಐಟಿಯ ಜೆರಾಲ್ಡ್ ಜಕಾರಿಯಾಸ್ ಅನ್ನೋ ಪ್ರೊಫೆಸರ್, ಹೈಸ್ಕೂಲಿನ ಭೌತಶಾಸ್ತ್ರವನ್ನ ಬುಡದಿಂದಲೇ ಹೊಸದಾಗಿ ಕಟ್ಟಬೇಕು ಅಂತ ಒಂದು ತಂಡ ಮಾಡಿದ್ರು. ಹೆಸರು ಫಿಸಿಕಲ್ ಸೈನ್ಸ್ ಸ್ಟಡಿ ಕಮಿಟಿ, ಚಿಕ್ಕದಾಗಿ ಪಿಎಸ್‌ಎಸ್‌ಸಿ. ಮರುವರ್ಷ, 1957ರ ಅಕ್ಟೋಬರ್ 4ಕ್ಕೆ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸ್ತು. ‘ನಮ್ಮ ಮಕ್ಕಳು ಹಿಂದೆ ಬಿದ್ರು’ ಅಂತ ಅಮೆರಿಕದಲ್ಲಿ ಗಾಬರಿ. ಆಮೇಲೆ ವಿಜ್ಞಾನ ಶಿಕ್ಷಣಕ್ಕೆ ಸರ್ಕಾರದ ದುಡ್ಡು ಧಾರಾಳವಾಗಿ ಹರಿದುಬಂತು.

1960ರಲ್ಲಿ ಬಂದ ಅವರ ಪುಸ್ತಕ ನೋಡಿದ್ರೆ ಈಗಲೂ ಆಸೆ ಆಗುತ್ತೆ. ಬೆಳಕು ಕಣವೋ, ಅಲೆಯೋ? ಉತ್ತರವನ್ನ ಮೊದಲೇ ಹೇಳಿಬಿಡಲ್ಲ. ಕಣ ಅಂತ ಇಟ್ಕೊಂಡು ಹೋಗೋದು, ಅದು ಎಲ್ಲಿ ಕೈಕೊಡುತ್ತೆ ನೋಡೋದು. ಆಮೇಲೆ ಗಾಜಿನ ತಳದ ತಟ್ಟೆಯಲ್ಲಿ ನೀರು ಹಾಕಿ, ಅಲೆ ಎಬ್ಬಿಸಿ, ಅಲೆಗಳು ಹೇಗೆ ಬಾಗ್ತವೆ, ಹೇಗೆ ಒಂದಕ್ಕೊಂದು ಸೇರ್ತವೆ ಅಂತ ಮಕ್ಕಳೇ ನೋಡೋದು. ಜೊತೆಗೆ ಅಗ್ಗದ ಪ್ರಯೋಗದ ಕಿಟ್‌ಗಳು, ಸಿನಿಮಾಗಳು.

ಇಷ್ಟೆಲ್ಲ ಇದ್ರೂ ಒಂದು ದೂರು ಕೇಳಿಬಂತು: ಇದು ಮುಂದೆ ವಿಜ್ಞಾನಿ ಆಗೋ ಮಕ್ಕಳಿಗೆ ಸರಿ, ಉಳಿದವರಿಗೆ ಕಷ್ಟ. ಅದಕ್ಕೇ ಹಾರ್ವರ್ಡ್‌ನಲ್ಲಿ, ವಿಜ್ಞಾನದ ಇತಿಹಾಸವನ್ನೂ ಸೇರಿಸಿಕೊಂಡು ಹೆಚ್ಚು ಮಕ್ಕಳನ್ನ ತಲುಪೋ ಇನ್ನೊಂದು ಕೋರ್ಸ್ ತಯಾರಾಯ್ತು, ಪ್ರಾಜೆಕ್ಟ್ ಫಿಸಿಕ್ಸ್ ಅಂತ. ಕಾಲೇಜು ಮಟ್ಟದಲ್ಲೂ ಅದೇ ಕತೆ. 1961ರಿಂದ 1963ರವರೆಗೆ ಫೈನ್‌ಮನ್ ಅವರೇ ಕ್ಯಾಲ್‌ಟೆಕ್‌ನಲ್ಲಿ ಹೊಸ ಕೋರ್ಸ್ ಪಾಠ ಮಾಡಿದ್ರು. ಆ ಉಪನ್ಯಾಸಗಳ ಪುಸ್ತಕ ಇವತ್ತಿಗೂ ಜಗತ್ತಿನಾದ್ಯಂತ ಓದ್ತಾರೆ. ಆದ್ರೆ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆದದ್ದನ್ನ ನೋಡಿದ ಫೈನ್‌ಮನ್, ಅದೇ ಪುಸ್ತಕದ ಮುನ್ನುಡಿಯಲ್ಲಿ, ಬಹುಪಾಲು ವಿದ್ಯಾರ್ಥಿಗಳ ಮಟ್ಟಿಗೆ ಈ ಪ್ರಯತ್ನ ಫಲಿಸಲಿಲ್ಲ ಅಂತ ಒಪ್ಪಿಕೊಂಡ್ರು.

ಅಂದ್ರೆ ಒಳ್ಳೇ ಪುಸ್ತಕ, ಒಳ್ಳೇ ಮೇಷ್ಟ್ರು, ಇವಿಷ್ಟೇ ಸಾಲದು. ಹಾಗಾದ್ರೆ ಇನ್ನೇನು ಬೇಕು?

ಇದಕ್ಕೆ ಒಂದು ಉತ್ತರ ನಮ್ಮ ದೇಶದಲ್ಲೇ ಇದೆ. 1972. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆ. ಹಳ್ಳಿಯ 16 ಸರ್ಕಾರಿ ಮಾಧ್ಯಮಿಕ ಶಾಲೆಗಳು. ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಅನ್ನೋ ಎರಡು ಸಂಸ್ಥೆಗಳು ಸೇರಿ, ಆರರಿಂದ ಎಂಟನೇ ತರಗತಿಯ ವಿಜ್ಞಾನವನ್ನ ಹೊಸದಾಗಿ ಕಟ್ಟೋಕೆ ಶುರು ಮಾಡಿದ್ವು. ದೆಹಲಿ ವಿಶ್ವವಿದ್ಯಾಲಯ, ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್‌ನ ವಿಜ್ಞಾನಿಗಳು ಬಂದು ಹಳ್ಳಿ ಮೇಷ್ಟ್ರುಗಳ ಜೊತೆ ಕೂತು ಕೆಲಸ ಮಾಡಿದ್ರು.

ಅವರ ‘ಬಾಲ ವೈಜ್ಞಾನಿಕ್’ ಪುಸ್ತಕದಲ್ಲಿ ರೆಡಿಮೇಡ್ ಉತ್ತರ ಇರ್ತಿರಲಿಲ್ಲ. ಪ್ರಯೋಗ ಮಾಡಿ, ಏನು ಕಂಡ್ರಿ ಬರೀರಿ, ಪಕ್ಕದ ಗುಂಪಿಗೆ ಬೇರೆ ಉತ್ತರ ಬಂದಿದ್ರೆ ಯಾಕೆ ಅಂತ ಚರ್ಚೆ ಮಾಡಿ. ನಾಲ್ಕು ಮಕ್ಕಳ ಒಂದೊಂದು ಗುಂಪು. ಸಾಮಾನು ದುಬಾರಿದೇನಲ್ಲ. ಐಐಟಿ ಕಾನ್ಪುರದಲ್ಲಿ ಓದಿದ ಅರವಿಂದ್ ಗುಪ್ತಾ 1978ರಲ್ಲಿ ಇಲ್ಲಿಗೆ ಬಂದು, ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್‌ನ ತೆಳು ರಬ್ಬರ್ ಕೊಳವೆ ಇಟ್ಕೊಂಡು ತ್ರಿಕೋನ, ಘನ ಎಲ್ಲ ಮಾಡಿ ತೋರಿಸಿದ್ರು. ಅವರ ಆಟಿಕೆಗಳನ್ನ ನೀವು ಯೂಟ್ಯೂಬ್‌ನಲ್ಲಿ ನೋಡಿರಬಹುದು.

ಆದ್ರೆ ನನಗೆ ಇದೆಲ್ಲಕ್ಕಿಂತ ದೊಡ್ಡದು ಅನ್ಸೋದು ಇನ್ನೊಂದು. ಅವರು ಪರೀಕ್ಷೆಯನ್ನೂ ಬದಲಿಸಿದ್ರು. ಪುಸ್ತಕ, ನೋಟ್ಸ್ ಎಲ್ಲ ಎದುರಿಗೆ ಇಟ್ಕೊಂಡೇ ಬರೆಯೋ ಪರೀಕ್ಷೆ. ಜೊತೆಗೆ ಪ್ರಾಯೋಗಿಕ ಪರೀಕ್ಷೆ. ಬಾಯಿಪಾಠಕ್ಕೆ ಬೆಲೆಯೇ ಇಲ್ಲ. ‘ಇದು ಎಕ್ಸಾಮ್‌ಗೆ ಬರುತ್ತಾ?’ ಅಂತ ಅಲ್ಲಿನ ಮಗು ಕೇಳಿದ್ರೆ, ಮೇಷ್ಟ್ರು ಧೈರ್ಯವಾಗಿ ‘ಹೂಂ, ನೀನು ಈಗ ಮಾಡ್ತಿರೋದೇ ಬರುತ್ತೆ’ ಅನ್ನಬಹುದಿತ್ತು.

ಇದಾಗಿ ಎಷ್ಟೋ ವರ್ಷಗಳ ಮೇಲೆ, 1990ರ ಸುಮಾರಿಗೆ, ಹಾರ್ವರ್ಡ್‌ನ ಎರಿಕ್ ಮಜೂರ್ ಅನ್ನೋ ಪ್ರೊಫೆಸರ್‌ಗೂ ಈ ವಿಷಯ ತಟ್ಟಿತು. ಅರಿಜೋನಾದ ಡೇವಿಡ್ ಹೆಸ್ಟನೆಸ್ ಮತ್ತು ಜೊತೆಗಾರರು ಲೆಕ್ಕವೇ ಇಲ್ಲದ, ಬರೀ ಪರಿಕಲ್ಪನೆಯ ಪ್ರಶ್ನೆಗಳನ್ನ ರೂಪಿಸಿದ್ರು. ನಾನು ಶುರುವಿನಲ್ಲಿ ಕೇಳಿದ ಲಾರಿ-ಕಾರಿನ ಪ್ರಶ್ನೆ ಆ ಬಗೆಯದೇ. ಮಜೂರ್ ಅಂಥ ಪ್ರಶ್ನೆಗಳನ್ನ ತಮ್ಮ ಕ್ಲಾಸಿಗೆ ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ ಕೇಳಿದ್ಲಂತೆ: ನೀವು ಕಲಿಸಿದ ಹಾಗೆ ಬರೀಲಾ, ನಾನು ನಿಜವಾಗಿ ಯೋಚಿಸೋ ಹಾಗೆ ಬರೀಲಾ? ಕಷ್ಟದ ಸರ್ಕ್ಯೂಟ್ ಲೆಕ್ಕ ಸರಿಯಾಗಿ ಮಾಡಿದವರೇ ‘ಯಾವ ಬಲ್ಬ್ ಹೆಚ್ಚು ಬೆಳಗುತ್ತೆ’ ಅಂದಾಗ ತಪ್ಪಿದ್ರು. ಮಜೂರ್ ಕ್ಲಾಸಿನ ರೀತಿ ಬದಲಿಸಿದ್ರು. ಪ್ರಶ್ನೆ ಕೊಡೋದು, ಪಕ್ಕದವರ ಜೊತೆ ವಾದ ಮಾಡಿಸೋದು. ಪ್ರಶ್ನೆಪತ್ರಿಕೆಯಲ್ಲೂ ಅಂಥ ಪ್ರಶ್ನೆಗಳನ್ನ ಸೇರಿಸಿದ್ರು.

ಈಗ ಹೋಶಂಗಾಬಾದ್‌ಗೆ ವಾಪಸ್ ಬರೋಣ. 1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತ್ತು. 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿ ಜವಾಬ್ದಾರಿ ಹೊತ್ಕೊಂಡು, ಅದನ್ನ ಬೇರೆ ಜಿಲ್ಲೆಗಳಿಗೂ ಒಯ್ತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನ ನಿಲ್ಲಿಸಿಬಿಡ್ತು. ಮೂವತ್ತು ವರ್ಷದ ಕೆಲಸ, ಒಂದು ಆದೇಶ. ಮಕ್ಕಳು ಮತ್ತೆ ಎಲ್ಲರ ಪಠ್ಯಪುಸ್ತಕಕ್ಕೆ, ಎಲ್ಲರ ಪರೀಕ್ಷೆಗೆ ಮರಳಿದ್ರು.

ಇದನ್ನೆಲ್ಲ ಓದಿದ ಮೇಲೆ ನನ್ನ ಆ ಹಳೇ ಪ್ರಶ್ನೆ ಬಗ್ಗೆ ನಾಚಿಕೆ ಸ್ವಲ್ಪ ಕಡಿಮೆ ಆಗಿದೆ. ನಾನು ಸೋಮಾರಿ ಆಗಿರಲಿಲ್ಲ. ಸಿಲಬಸ್ ಪುಸ್ತಕದಲ್ಲಿ ಅಚ್ಚಾಗಿರೋದು ಒಂದು, ನಿಜವಾಗಿ ನಡೆಯೋ ಸಿಲಬಸ್ ಇನ್ನೊಂದು. ಆ ಎರಡನೇದು ಪ್ರಶ್ನೆಪತ್ರಿಕೆಯಲ್ಲಿ ಇರುತ್ತೆ. ಹದಿನೇಳು ವರ್ಷದ ಹುಡುಗನಿಗೂ ಅದು ಅರ್ಥವಾಗಿತ್ತು. ಹೊಸ ಪಠ್ಯಕ್ರಮ ಬಂತು ಅಂತ ಸುದ್ದಿ ಆದಾಗಲೆಲ್ಲ ಯಾವ ಪಾಠ ಸೇರಿಸಿದ್ರು, ಯಾವುದು ತೆಗೆದ್ರು ಅಂತ ನಾವು ಜಗಳ ಆಡ್ತೀವಿ. ಕೊನೆಗೆ ಮಕ್ಕಳಿಗೆ ಏನು ಕೇಳ್ತಾರೆ ಅನ್ನೋದನ್ನ ಕೇಳೋದೇ ಇಲ್ಲ.

ನೀವು ಈಗ ಸಿಇಟಿಗೋ ನೀಟ್‌ಗೋ ಓದ್ತಿದ್ರೆ ನಿಮ್ಮ ಒತ್ತಡ ನನಗೆ ಗೊತ್ತು. ನ್ಯೂಮರಿಕಲ್ಸ್ ಬಿಡಿ ಅಂತ ಹೇಳಲ್ಲ. ಇವತ್ತು ಒಂದೇ ಒಂದು ಕೆಲಸ ಮಾಡಿ. ಲಾರಿ-ಕಾರಿನ ಪ್ರಶ್ನೆಯನ್ನ ಪಕ್ಕದಲ್ಲಿರೋ ಗೆಳೆಯನಿಗೋ ಗೆಳತಿಗೋ ಕೇಳಿ. ಉತ್ತರ ತಕ್ಷಣ ಹೇಳಬೇಡಿ, ಐದು ನಿಮಿಷ ವಾದ ಮಾಡಿ.

ಮತ್ತೆ ಆ ನಮ್ಮ ಲೆಕ್ಚರರ್... ಸರ್, ನೀವು ಇದನ್ನ ಕೇಳಿಸ್ಕೊಳ್ತಿದ್ರೆ, ಆ ಚಿತ್ರ ಇನ್ನೊಂದ್ಸಲ ಬೋರ್ಡ್ ಮೇಲೆ ಬರೀರಿ. ಈ ಸಲ ನಾನು ಬಾಯಿ ಮುಚ್ಕೊಂಡು ಕೂತಿರ್ತೀನಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.