ಹೈದರಾಬಾದ್ ಬಾನುಲಿ: ಸ್ಥಳೀಯ ಪ್ರಸಾರದ ಇತಿಹಾಸ

ಹೈದರಾಬಾದಿನ ಬಾನುಲಿಗೆ ಮೊದಲು ಕೈ ಹಾಕಿದ್ದು ಸರ್ಕಾರವಲ್ಲ. 1930ರ ದಶಕದ ಆರಂಭದಲ್ಲಿ ಮಹಬೂಬ್ ಅಲಿ ಎಂಬವರು ಆಬಿಡ್ಸ್ ಬಳಿಯ ಚಿರಾಗ್ ಅಲಿ ಗಲ್ಲಿಯಲ್ಲಿ 200 ವಾಟ್‌ನ ಖಾಸಗಿ ನಿಲಯ ನಡೆಸುತ್ತಿದ್ದರು. 1935ರಲ್ಲಿ ನಿಜಾಮ ಸರ್ಕಾರ ಅದನ್ನು ವಹಿಸಿಕೊಂಡಿತು. ಹೆಸರು ಡೆಕ್ಕನ್ ರೇಡಿಯೊ. ಅದೇ ವರ್ಷ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ್ದರು. ಅಲ್ಲಿ ಕನ್ನಡವೇ ಮನೆಮಾತು. ಹೈದರಾಬಾದಿನಲ್ಲಿ ಪ್ರಜೆಗಳ ಮಾತು ತೆಲುಗು, ಮರಾಠಿ, ಕನ್ನಡ. ಆದರೆ ಬಾನುಲಿಯಲ್ಲಿ ಯಜಮಾನಿಕೆ ಉರ್ದುವಿನದು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೂ ಇದೇ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದವು.

ನಿಲಯದ ಅತಿ ಮಹತ್ವದ ಪ್ರಸಾರ ನಡೆದದ್ದು 1948ರ ಸೆಪ್ಟೆಂಬರ್ 17ರಂದು. ಸಂಸ್ಥಾನದ ಪ್ರಧಾನಿ ಲಾಯಕ್ ಅಲಿ ರಾಜೀನಾಮೆ ಘೋಷಿಸಿದ ದಿನವೇ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಖುದ್ದಾಗಿ ನಿಲಯಕ್ಕೆ ಬಂದು, ಭಾರತದ ಸೇನೆಯೆದುರಿನ ಕದನ ನಿಲ್ಲಿಸಲು ತನ್ನ ಸೇನೆಗೆ ಆದೇಶಿಸಿದ ಸುದ್ದಿಯನ್ನು ಪ್ರಜೆಗಳಿಗೆ ತಿಳಿಸಿದ. ಭಾರತ ಸರ್ಕಾರದ ಪ್ರತಿನಿಧಿಯಾಗಿದ್ದ ಕೆ.ಎಂ. ಮುನ್ಶಿಯವರ ನೆನಪುಗಳ ಪ್ರಕಾರ ಅದು ನಿಜಾಮನ ಮೊದಲ ನಿಲಯ ಭೇಟಿ; ಕೆಂಪು ಹಾಸಿಲ್ಲ, ದರ್ಬಾರಿನ ರೀತಿ ರಿವಾಜಿಲ್ಲ. ಊರಿನ ಸುದ್ದಿ ಎನ್ನಬಹುದಾದದ್ದು ಆ ದಿನ ಅರಸನ ಬಾಯಿಂದಲೇ ಹೊರಟಿತ್ತು.

1950ರ ಏಪ್ರಿಲ್ 1ರಂದು ಹೈದರಾಬಾದ್ ಮತ್ತು ಮೈಸೂರು ನಿಲಯಗಳೆರಡೂ ಅಖಿಲ ಭಾರತ ಬಾನುಲಿಗೆ ಸೇರಿದವು. 1956ರ ಭಾಷಾವಾರು ವಿಂಗಡಣೆಯ ನಂತರ ಹೈದರಾಬಾದ್ ತೆಲುಗು ರಾಜ್ಯದ ನಿಲಯವಾಯಿತು, ಕನ್ನಡ ಜಿಲ್ಲೆಗಳು ಇಂದು ಕರ್ನಾಟಕವಾಗಿರುವ ಅಂದಿನ ಮೈಸೂರು ರಾಜ್ಯಕ್ಕೆ ಬಂದವು. ಅವಕ್ಕೆ ಸ್ವಂತ ನಿಲಯ ದಕ್ಕಿದ್ದು 1966ರ ನವೆಂಬರಿನಲ್ಲಿ, ಕಲಬುರಗಿಯಲ್ಲಿ. ಹತ್ತು ವರ್ಷ ಕಾಯಿಸಿದ್ದು ಕಡಿಮೆಯೇನಲ್ಲ.

ಸ್ಥಳೀಯ ಪ್ರಸಾರದ ಮುಂದಿನ ಘಟ್ಟ ನಗರದಲ್ಲಿ ಅಲ್ಲ, ಬೀದರ್ ಗಡಿಗೆ ಹತ್ತಿರದ ಜಹೀರಾಬಾದ್ ಸೀಮೆಯಲ್ಲಿ ಕಾಣಿಸಿಕೊಂಡಿತು. ಅಲ್ಲಿನ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸ್ಥಾಪಕರಲ್ಲೊಬ್ಬರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. ಸೊಸೈಟಿಯ ಸಂಘಗಳ ದಲಿತ ಮಹಿಳೆಯರಿಗಾಗಿ ಯುನೆಸ್ಕೊ ನೆರವಿನಿಂದ ಮಾಚನೂರಿನಲ್ಲಿ ಸ್ಟುಡಿಯೊ ಸಿದ್ಧವಾದದ್ದು 1998ರಲ್ಲಿ. ಪರವಾನಗಿ ಇರಲಿಲ್ಲ. ಹತ್ತು ವರ್ಷ ಅವರು ಧ್ವನಿಮುದ್ರಿಸಿಕೊಳ್ಳುತ್ತಲೇ ಹೋದರು: ಬಿತ್ತನೆ ಬೀಜ, ಜೋಳ, ನವಣೆ, ಹಬ್ಬದ ಹಾಡು, ಮನೆಮದ್ದು. ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಗಾಳಿಯಲ್ಲಿ ಹೋಗಬೇಕಾದ ಮಾತು ಹೀಗೆ ಕೈಯಿಂದ ಕೈಗೆ ದಾಟುತ್ತಿತ್ತು. (ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಇದೇ ತೊಡಕನ್ನು ಕೇಬಲ್ ಎಳೆದು ದಾಟಿತ್ತು.)

2006ರ ಸಮುದಾಯ ಬಾನುಲಿ ನೀತಿಯಿಂದ ದಾರಿ ತೆರೆಯಿತು. 2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೊ’ 90.4 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಆರಂಭಿಸಿತು. ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್; ವಾಯುತರಂಗಗಳು ಸಾರ್ವಜನಿಕ ಸೊತ್ತು ಎಂದ 1995ರ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಪೀಠದಲ್ಲಿದ್ದವರು. ನಿಲಯ ನಡೆಸಿದ ಜನರಲ್ ನರಸಮ್ಮ ಮತ್ತು ಆಲ್ಗೋಲೆ ನರಸಮ್ಮ ಆಡುವುದು ಪುಸ್ತಕದ ತೆಲುಗನ್ನಲ್ಲ, ತಮ್ಮ ಸೀಮೆಯ ತೆಲುಗನ್ನು.

ಹೈದರಾಬಾದ್ ವಿಶ್ವವಿದ್ಯಾಲಯದ ಸಮುದಾಯ ನಿಲಯ ‘ಬೋಲ್ ಹೈದರಾಬಾದ್’ ಬಂದದ್ದು ಇದರ ನಂತರ. ಸಂಘಂ ರೇಡಿಯೊಗಾಗಲಿ ಇದಕ್ಕಾಗಲಿ ಸ್ವಂತ ಸುದ್ದಿ ಬಿತ್ತರಿಸುವ ಹಕ್ಕನ್ನು 2006ರ ನೀತಿ ಕೊಡಲಿಲ್ಲ. ಮಳೆ, ಸಂತೆಯ ಧಾರಣೆ, ಜಾತ್ರೆಯ ವಿಷಯ ಹೇಳಬಹುದು. ವಾರ್ತೆ ಆಕಾಶವಾಣಿಯ ಪಾಲಿಗೇ ಉಳಿಯಿತು.